ಹಿರಿಯರಿಗೊಂದು ಒಪ್ಪಂದ ಯಾಕಿಲ್ಲ?

ಮಹಿಳೆಯರ ಹಕ್ಕುಗಳಿಗೆ 1979ರಲ್ಲೇ ವಿಶ್ವಸಂಸ್ಥೆಯ ಒಪ್ಪಂದ ಬಂತು. ಮಕ್ಕಳಿಗೆ 1989ರಲ್ಲಿ, ಅಂಗವಿಕಲರಿಗೆ 2006ರಲ್ಲಿ. ವಯಸ್ಸಾದವರಿಗೆ? ಇನ್ನೂ ಇಲ್ಲ. 1991ರಲ್ಲಿ ಕೆಲವು ತತ್ವಗಳನ್ನೇನೋ ಒಪ್ಪಿಕೊಂಡ್ರು. ಆದ್ರೆ ಅವನ್ನು ಪಾಲಿಸಲೇಬೇಕು ಅಂತ ಯಾವ ಸರ್ಕಾರಕ್ಕೂ ಕಾನೂನಿನ ಕಟ್ಟುಪಾಡಿಲ್ಲ.

2025ರ ಏಪ್ರಿಲ್‌ನಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿ ಒಂದು ಹೆಜ್ಜೆ ಇಟ್ಟಿತು. ಹಿರಿಯರ ಒಪ್ಪಂದದ ಕರಡು ಬರೆಯೋಕೆ ಕಾರ್ಯಗುಂಪು ರಚಿಸಲು ತೀರ್ಮಾನಿಸಿತು.

ಇದರಿಂದ ನಮಗೇನು? ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಮುಖ್ಯವಾಗಿ ಪ್ರಶ್ನೆ ಮಾಡೋದು ಮಕ್ಕಳನ್ನ, ವಾರಸುದಾರರನ್ನ: ಜೀವನಾಂಶ ಕೊಡ್ತೀರಾ, ಇಲ್ವಾ? ಅಂತರರಾಷ್ಟ್ರೀಯ ಒಪ್ಪಂದ ಪ್ರಶ್ನೆ ಮಾಡೋದು ಸರ್ಕಾರವನ್ನ: ವಯಸ್ಸಾಯ್ತು ಅಂತ ಕೆಲಸ, ವಿಮೆ, ಚಿಕಿತ್ಸೆ ನಿರಾಕರಿಸಿದಾಗ ನೀವೇನು ಮಾಡಿದ್ರಿ?

ಆ ಪ್ರಶ್ನೆ ಕರಡಿನಲ್ಲಿ ಇರಲೇಬೇಕು. ನಾಳೆ ಆ ಸಾಲಲ್ಲಿ ನಿಲ್ಲೋರು ನಾವೇ. ಮತ್ತೆ ಸಿಗೋಣ.