ಕಾಣದ ಗಿರಾಕಿ, ಕಾಣದ ಅಂಗಡಿ: ಅರಭಾವಿಯಲ್ಲಿ ಕುಳಿತು ಇ-ವಾಣಿಜ್ಯ ಕಲಿಯುವುದು



ಗೋಕಾಕದ ಕರದಂಟಿನ ರುಚಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿಗಳನ್ನು ಕೂಡಿಸಿ ಮಾಡುವ ಈ ತಿನಿಸನ್ನು ಅಂಗಡಿಯಲ್ಲಿ ಕೊಳ್ಳುವಾಗ ನಾವು ಹೆಚ್ಚು ಯೋಚನೆ ಮಾಡುವುದಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುತ್ತೇವೆ, ತಕ್ಕಡಿಯ ಮುಳ್ಳನ್ನು ಗಮನಿಸುತ್ತೇವೆ, ಹಣ ಕೊಟ್ಟು ಪೊಟ್ಟಣ ತೆಗೆದುಕೊಳ್ಳುತ್ತೇವೆ. ಮಾರುವವರು ಯಾರು, ತೂಕ ಸರಿಯೇ, ಕೊಟ್ಟ ಹಣ ಅವರಿಗೆ ಮುಟ್ಟಿತೇ ಎಂಬ ಪ್ರಶ್ನೆಗಳಿಗೆಲ್ಲ ನಮ್ಮ ಕಣ್ಣೇ ಉತ್ತರ ಕೊಟ್ಟುಬಿಟ್ಟಿರುತ್ತದೆ.

ಈಗ ಕರದಂಟು ಮಾಡುವವರು ಅರಭಾವಿಯಲ್ಲಿದ್ದಾರೆ, ಕೊಳ್ಳುವವರು ಗುವಾಹಟಿಯಲ್ಲಿದ್ದಾರೆ ಎಂದು ಭಾವಿಸಿ. ಒಬ್ಬರನ್ನೊಬ್ಬರು ನೋಡಿಲ್ಲ, ಮುಂದೆ ನೋಡುವುದೂ ಇಲ್ಲ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದೋ ಒಂದು ಮಾಡಬೇಕು. ಆ ಕೆಲಸ ಮಾಡುವ ಯಂತ್ರ, ಲೆಕ್ಕ ಮತ್ತು ನಿಯಮಗಳ ಒಟ್ಟು ಹೆಸರೇ ಇ-ವಾಣಿಜ್ಯ ತಂತ್ರಜ್ಞಾನ. ಇದನ್ನು ಅರಭಾವಿಯಂಥ ಊರಿನಲ್ಲಿ ಕುಳಿತೇ, ಅಂತರಜಾಲದ ಕಾಲೇಜು ಪಾಠದ ಮೂಲಕ ಕಲಿಯಬಹುದೇ, ಕಲಿಯುವುದಾದರೆ ಹೇಗೆ ಎಂಬುದು ಇಂದಿನ ಮಾತಿನ ವಿಷಯ.

ಕಾಣದವರೊಡನೆ ವ್ಯಾಪಾರ ಮಾಡುವುದು ನಮಗೆ ತೀರಾ ಹೊಸದಲ್ಲ. ನಮ್ಮ ಅಂಚೆ ಇಲಾಖೆ 1877ರಷ್ಟು ಹಿಂದೆಯೇ ವಿ.ಪಿ.ಪಿ. ಪದ್ಧತಿಯನ್ನು ತಂದಿತು. ಪುಸ್ತಕವನ್ನೋ ಔಷಧಿಯನ್ನೋ ಅಂಚೆಯವರು ಮನೆಗೆ ತರುತ್ತಿದ್ದರು, ಹಣ ಕೊಟ್ಟ ಮೇಲೆಯೇ ಪೊಟ್ಟಣ ಕೈಗೆ ಬರುತ್ತಿತ್ತು, ಆ ಹಣ ಮಾರಿದವರಿಗೆ ಮನಿ ಆರ್ಡರ್ ಆಗಿ ಹೋಗುತ್ತಿತ್ತು. ಇಬ್ಬರು ಅಪರಿಚಿತರ ನಡುವೆ, ಇಬ್ಬರೂ ನಂಬುವ ಮೂರನೆಯವರು ನಿಂತಿದ್ದರು. ಇಂದು ಸರಕು ಬಂದ ಮೇಲೆ ಹಣ ಕೊಡುವ ಕ್ಯಾಶ್ ಆನ್ ಡೆಲಿವರಿ ಎಂಬುದು ಇದೇ ವಿ.ಪಿ.ಪಿ.ಯ ಮೊಮ್ಮಗ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್ ಕೋಡ್ ಕೂಡ ಅಂಚೆಯವರದೇ ಕೊಡುಗೆ. ಬೆಳಗಾವಿ ಸೀಮೆಯ ಸಂಖ್ಯೆಗಳು 59ರಿಂದ ಆರಂಭವಾಗುತ್ತವೆ. ಯಾವ ಇ-ಅಂಗಡಿಯಾದರೂ, ನಿಮ್ಮ ಊರಿಗೆ ಸರಕು ಮುಟ್ಟಿಸಬಲ್ಲದೋ ಇಲ್ಲವೋ ಎಂದು ತಿಳಿಯಲು ಕೇಳುವುದು ಈ ಆರು ಅಂಕಿಗಳನ್ನೇ.

ಅಂತರಜಾಲದಲ್ಲಿ, ಬ್ಯಾಂಕ್ ಕಾರ್ಡಿನ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಕಳಿಸಿ ನಡೆದ ಮೊದಮೊದಲ ಮಾರಾಟವೆಂದು ಹೆಸರಾದದ್ದು 1994ರ ಆಗಸ್ಟ್ 11ರಂದು ಅಮೆರಿಕದಲ್ಲಿ ನಡೆದ ಒಂದು ಹಾಡಿನ ಸಿ.ಡಿ.ಯ ಖರೀದಿ. ಅದೇ 1994ರಲ್ಲಿ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ ಆರಂಭವಾಯಿತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಬೆಳೆಯುವ ವಿದ್ಯೆಗೆ ಊರಿನಲ್ಲಿಯೇ ಕಾಲೇಜು ಬಂದ ವರ್ಷವೇ, ಮಾರುವ ವಿದ್ಯೆ ಎಲ್ಲೋ ದೂರದಲ್ಲಿ ತನ್ನ ರೂಪವನ್ನು ಬದಲಿಸಿಕೊಳ್ಳುತ್ತಿತ್ತು ಎಂಬುದು ನೆನಪಿನಲ್ಲಿಡತಕ್ಕ ಮಾತು.

ದೂರದಿಂದ ಪಾಠ ಕೇಳುವುದೂ ನಮ್ಮಲ್ಲಿ ಹಳೆಯದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ ದೇಶವ್ಯಾಪಿ ತರಗತಿಯ ಕಾರ್ಯಕ್ರಮಗಳು 1984ರಲ್ಲಿ ದೂರದರ್ಶನದಲ್ಲಿ ಮೊದಲಾದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿದಾಗ, ಅದರ ಪ್ರಾಯೋಗಿಕ ಪಾಠಗಳಿಗೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರ ಜುಲೈನಲ್ಲಿ ಉದ್ಘಾಟನೆಗೊಂಡ ಸ್ವಯಂ, ಇವೆರಡೂ ಈ ದಾರಿಯ ಮುಂದಿನ ಹೆಜ್ಜೆಗಳು. ಖರಗ್‌ಪುರದ ಐಐಟಿ ಸಿದ್ಧಪಡಿಸಿದ, 12 ವಾರಗಳ ಇ-ಬಿಸಿನೆಸ್ ಎಂಬ ಪಾಠಮಾಲೆ ಇಂಥದ್ದರಲ್ಲಿ ಒಂದು. ಹೆಸರು ನೋಂದಾಯಿಸಿ ಪಾಠ ಕೇಳಲು ಹಣ ಕೊಡಬೇಕಿಲ್ಲ.

ಇಂಥ ಪಾಠದಲ್ಲಿ ಏನಿರುತ್ತದೆ? ಇ-ವಾಣಿಜ್ಯವೆಂದರೆ ಅಂದವಾದ ಚಿತ್ರಗಳಿರುವ ಪುಟ ಎಂದು ಬಹಳ ಜನ ತಿಳಿಯುತ್ತಾರೆ. ಅದು ಅಂಗಡಿಯ ಹೊರಗಿನ ಹಲಗೆ ಮಾತ್ರ. ಕಲಿಯಬೇಕಾದದ್ದು ಅಂಗಡಿಯ ಒಳಮನೆಯನ್ನು. ಒಳಗೆ ಹೋದರೆ ಮೊದಲು ಕಾಣುವುದು ಕಿರ್ದಿ ಮತ್ತು ಖಾತೆ. ನಮ್ಮ ದಲಾಲಿ ಅಂಗಡಿಗಳಲ್ಲಿ ದಿನದಿನದ ವ್ಯವಹಾರವನ್ನು ಬರೆಯುವ ಕಿರ್ದಿ, ಒಬ್ಬೊಬ್ಬರ ಹೆಸರಿನಲ್ಲಿ ಬರೆಯುವ ಖಾತೆ ಇರುತ್ತವಲ್ಲ, ಅದನ್ನೇ ಕಂಪ್ಯೂಟರಿನಲ್ಲಿ ಡೇಟಾಬೇಸ್ ಎನ್ನುತ್ತಾರೆ. ಸರಕಿನ ಪಟ್ಟಿ ಒಂದು ಕೋಷ್ಟಕ, ಗಿರಾಕಿಗಳದು ಇನ್ನೊಂದು, ಬೇಡಿಕೆಗಳದು ಮತ್ತೊಂದು. ದಲಾಲಿ ಅಂಗಡಿಯ ಲೆಕ್ಕ ಬರೆಯಬಲ್ಲವರ ಮಗನೋ ಮಗಳೋ ಈ ಭಾಗವನ್ನು ಕಲಿಯುವುದು ಬೇಗ ಎಂದೇ ನನ್ನ ಎಣಿಕೆ.

ಇಲ್ಲಿ ಒಂದು ಸಮಸ್ಯೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಂಗಡಿಯಲ್ಲಿ ಕರದಂಟಿನ ಒಂದೇ ಒಂದು ಡಬ್ಬಿ ಉಳಿದಿದೆ. ಹುಬ್ಬಳ್ಳಿಯಿಂದ ಒಬ್ಬರು, ಪುಣೆಯಿಂದ ಒಬ್ಬರು ಒಂದೇ ಕ್ಷಣದಲ್ಲಿ ಅದನ್ನು ಕೇಳುತ್ತಾರೆ. ಗಣಕಯಂತ್ರ ಮೊದಲನೆಯವರಿಗಾಗಿ ದಾಸ್ತಾನು ನೋಡುತ್ತದೆ: ಒಂದು ಇದೆ. ಅದನ್ನು ಕಳೆಯುವುದಕ್ಕೆ ಮುಂಚೆಯೇ ಎರಡನೆಯವರಿಗಾಗಿ ನೋಡುತ್ತದೆ: ಒಂದು ಇದೆ. ಇಬ್ಬರಿಗೂ ಆಗಲಿ ಎನ್ನುತ್ತದೆ. ಇರುವುದು ಒಂದೇ ಡಬ್ಬಿ, ಹಣ ಕೊಟ್ಟವರು ಇಬ್ಬರು. ಅಂಗಡಿಯಲ್ಲಿ ಮನುಷ್ಯರಿದ್ದರೆ ಈ ಗೊಂದಲವಿಲ್ಲ, ಒಬ್ಬರ ಕೈಗೆ ಡಬ್ಬಿ ಹೋದದ್ದು ಇನ್ನೊಬ್ಬರಿಗೆ ಕಾಣುತ್ತದೆ. ಯಂತ್ರಕ್ಕೆ ಇದನ್ನು ಹೇಳಿಕೊಡಬೇಕು. ದಾಸ್ತಾನು ನೋಡುವುದು, ಕಳೆಯುವುದು, ಬೇಡಿಕೆಯನ್ನು ಬರೆದುಕೊಳ್ಳುವುದು, ಈ ಮೂರನ್ನೂ ಬಿಡಿಸಲಾಗದ ಒಂದು ಗಂಟಾಗಿ ಕಟ್ಟಬೇಕು. ಗಂಟು ಪೂರ್ತಿಯಾಗಬೇಕು, ಇಲ್ಲವೇ ಏನೂ ಆಗದಂತೆ ಹಿಂದಕ್ಕೆ ಬರಬೇಕು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು.

ಇನ್ನೊಂದು ತೊಡಕು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಹಣ ಕಳಿಸುವ ಗುಂಡಿಯನ್ನು ಒತ್ತುತ್ತೀರಿ, ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಹಣ ಹೋಯಿತೋ ಇಲ್ಲವೋ ತಿಳಿಯದು. ಮತ್ತೆ ಒತ್ತಿದರೆ ಎರಡು ಸಲ ಹೋದೀತೆಂಬ ಭಯ. ಸರಿಯಾಗಿ ಕಟ್ಟಿದ ಅಂಗಡಿಯಲ್ಲಿ ಪ್ರತಿಯೊಂದು ಬೇಡಿಕೆಗೂ ಮೊದಲೇ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ, ಇದು ಹಳೆಯದೇ ಎಂದು ಯಂತ್ರ ಗುರುತಿಸಿ ಎರಡನೆಯ ಸಲ ಹಣ ಕೇಳುವುದಿಲ್ಲ. ಇದನ್ನು ಮಾಡದೆ ಬಿಟ್ಟವರ ಅಂಗಡಿಯಲ್ಲಿ ಗಿರಾಕಿಯ ಹಣ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನೆಟ್‌ವರ್ಕ್ ಸದಾ ಚೆನ್ನಾಗಿರುವ ಊರಿನಲ್ಲಿ ಕುಳಿತು ಕಟ್ಟುವವರಿಗೆ ಈ ತೊಡಕು ತಡವಾಗಿ ಹೊಳೆಯುತ್ತದೆ, ನಿಮಗೆ ಮೊದಲ ದಿನವೇ ಹೊಳೆದೀತು.

ಗುಟ್ಟನ್ನು ಕಾಪಾಡುವ ಬಗೆ ಹೇಗೆ? ಇದಕ್ಕೆ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ರೂಪಿಸಿದ, ಅವರ ಹೆಸರಿನ ಮೊದಲಕ್ಷರಗಳಿಂದ ಆರ್‌ಎಸ್‌ಎ ಎನಿಸಿಕೊಂಡ ವಿಧಾನವನ್ನು ಪುಟ್ಟ ಸಂಖ್ಯೆಗಳಲ್ಲಿ ಮಾಡಿ ನೋಡೋಣ. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ 33. ಅಂಗಡಿಯವರು 33 ಮತ್ತು 3 ಎಂಬ ಎರಡು ಅಂಕಿಗಳನ್ನು ಊರಿಗೆಲ್ಲ ಸಾರುತ್ತಾರೆ. 7 ಎಂಬುದನ್ನು ಮಾತ್ರ ಗುಟ್ಟಾಗಿಡುತ್ತಾರೆ. ನೀವು ಕಳಿಸಬೇಕಾದ ಸಂಖ್ಯೆ 4 ಎನ್ನಿ. ಅದನ್ನು ಮೂರು ಸಲ ಗುಣಿಸಿದರೆ 64, ಅದನ್ನು 33ರಿಂದ ಭಾಗಿಸಿದರೆ ಶೇಷ 31. ಈ 31ನ್ನು ಕಳಿಸಿ. ದಾರಿಯಲ್ಲಿ ಕದ್ದು ನೋಡಿದವರಿಗೆ ಸಿಗುವುದು 31 ಮಾತ್ರ. ಅಂಗಡಿಯವರು 31ನ್ನು ಏಳು ಸಲ ಗುಣಿಸಿ 33ರಿಂದ ಭಾಗಿಸುತ್ತಾರೆ. ಶೇಷ ಎಷ್ಟು ಬರುತ್ತದೆ, ನೀವೇ ಮಾಡಿ ನೋಡಿ. 31 ಎಂದರೆ 33ಕ್ಕೆ ಎರಡು ಕಡಿಮೆ ಎಂಬುದನ್ನು ಹಿಡಿದು ಹೊರಟರೆ ಗುಣಾಕಾರ ಸುಲಭವಾಗುತ್ತದೆ. ನಿಮ್ಮ 4 ಮರಳಿ ಬರುತ್ತದೆ.

ಆದರೆ 33ನ್ನು ಒಡೆದು 3 ಮತ್ತು 11 ಎಂದು ಯಾರಾದರೂ ಹೇಳಿಯಾರು, ಆಮೇಲೆ 7ನ್ನೂ ಕಂಡುಹಿಡಿದಾರು ಎನ್ನುತ್ತೀರಿ. ನಿಜ. ಅದಕ್ಕೇ ನಿಜವಾದ ಬಳಕೆಯಲ್ಲಿ 600ಕ್ಕೂ ಹೆಚ್ಚು ಅಂಕಿಗಳಿರುವ ಗುಣಲಬ್ಧವನ್ನು ತೆಗೆದುಕೊಳ್ಳುತ್ತಾರೆ. ಅದನ್ನು ಒಡೆಯುವುದು ಇಂದಿನ ಗಣಕಯಂತ್ರಗಳಿಗೂ ಆಗದ ಕೆಲಸ. ಇಂಥ ಲೆಕ್ಕಗಳ ಬಲದಿಂದಲೇ ಪುಟದ ವಿಳಾಸದ ಬಳಿ ಬೀಗದ ಗುರುತು ಕಾಣುವುದು. ಒಂದು ಎಚ್ಚರಿಕೆ: ನಿಮ್ಮ ಮತ್ತು ಆ ವಿಳಾಸದ ನಡುವಿನ ಮಾತು ಗುಟ್ಟಾಗಿದೆ ಎಂದಷ್ಟೇ ಬೀಗ ಹೇಳುತ್ತದೆ. ಆ ವಿಳಾಸದವರು ಪ್ರಾಮಾಣಿಕರು ಎಂದು ಅದು ಹೇಳುವುದಿಲ್ಲ. ಮೋಸಗಾರರ ಪುಟಕ್ಕೂ ಬೀಗ ಇರಬಹುದು.

ಹಣದ ಮಾತಿಗೆ ಬಂದಿದ್ದೇವೆ. 2016ರ ಏಪ್ರಿಲ್‌ನಲ್ಲಿ ಬಂದ ಯುಪಿಐ ಸಣ್ಣ ವ್ಯಾಪಾರಿಗೂ ಕಾರ್ಡ್ ಯಂತ್ರವಿಲ್ಲದೆ ಹಣ ಪಡೆಯುವ ದಾರಿ ಮಾಡಿತು. ಅದರ ಜೊತೆಗೇ ಮೋಸವೂ ಬಂತು. ಹಣ ಕಳಿಸಿದ್ದೇನೆ ಎಂದು ಪರದೆಯ ಚಿತ್ರ ತೋರಿಸುವವರಿದ್ದಾರೆ, ಹಣ ಪಡೆಯಲು ಪಿನ್ ಒತ್ತಿ ಎನ್ನುವವರೂ ಇದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಅಂಗಡಿಯ ತಂತ್ರಾಂಶ ಕೂಡ ಗಿರಾಕಿಯ ಪರದೆಯನ್ನು ನಂಬಬಾರದು, ಬ್ಯಾಂಕಿನ ಕಡೆಯಿಂದ ನೇರವಾಗಿ ಉತ್ತರ ತರಿಸಿಕೊಂಡೇ ಸರಕು ಬಿಡಬೇಕು. ಪಾಠದಲ್ಲಿ ಇದು ಪೇಮೆಂಟ್ ಗೇಟ್‌ವೇ ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ.

ತಂತ್ರವೆಲ್ಲ ಸರಿಯಿದ್ದೂ ಅಂಗಡಿ ಮುಳುಗಬಹುದು. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಡಬ್ಬಿಯ ಬೆಲೆ 300 ರೂಪಾಯಿ. ಮಾಡಲು ತಗಲಿದ್ದು 200, ಡಬ್ಬಿ ಮತ್ತು ಹೊದಿಕೆಗೆ 15, ಸಾಗಣೆಗೆ 60, ಮಾರಿಕೊಟ್ಟ ಇ-ಅಂಗಡಿಯ ದಲಾಲಿ ನೂರಕ್ಕೆ ಹತ್ತರಂತೆ 30. ಕೂಡಿಸಿದರೆ 305. ಒಂದು ಡಬ್ಬಿಗೆ 5 ರೂಪಾಯಿ ನಷ್ಟ. ಬೇಡಿಕೆ ಹೆಚ್ಚಿದಷ್ಟೂ ನಷ್ಟ ಹೆಚ್ಚು, ಮನೆಯವರು ಮಾತ್ರ ವ್ಯಾಪಾರ ಬೆಳೆಯುತ್ತಿದೆ ಎಂದು ಹಿಗ್ಗುತ್ತಿರುತ್ತಾರೆ. ಅರ್ಧ ಕಿಲೋಗೆ ತಗಲುವ ಸಾಗಣೆಯ ಖರ್ಚು ಒಂದು ಕಿಲೋಗೆ ಸಾಮಾನ್ಯವಾಗಿ ಎರಡರಷ್ಟಾಗುವುದಿಲ್ಲ. ಆದ್ದರಿಂದ ದೊಡ್ಡ ಡಬ್ಬಿ ಮಾಡಿದರೆ ಲೆಕ್ಕ ತಿರುಗಬಹುದು. ಸಾಲ ಮಾಡಿ ಬಂಡವಾಳ ಹಾಕಿದ ಮನೆಗೆ ಈ ಐದು ರೂಪಾಯಿ ಸಣ್ಣದಲ್ಲ. ಕಾಲೇಜಿಗೆ ಹೋಗುವ ಮಗಳು ಇದನ್ನು ಮೊದಲೇ ಕೂಡಿಸಿ ತೋರಿಸಿದರೆ ಆ ಮನೆ ಉಳಿಯುತ್ತದೆ.

ಇ-ವಾಣಿಜ್ಯವೆಂದರೆ ಬಿಡಿ ಮಾರಾಟವಷ್ಟೇ ಅಲ್ಲ. ಕರ್ನಾಟಕದ ಎಪಿಎಂಸಿ ಮಾರುಕಟ್ಟೆಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂತು. ರೈತರು ತಂದ ಮಾಲಿಗೆ ಸಂಖ್ಯೆ ಬೀಳುತ್ತದೆ, ವರ್ತಕರು ಗಣಕಯಂತ್ರದಲ್ಲಿ ದರ ನಮೂದಿಸುತ್ತಾರೆ, ಒಪ್ಪಿಗೆಯಾಗದಿದ್ದರೆ ರೈತರು ಮಾರದೆ ಇರಬಹುದು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಇ-ನಾಮ್ ಆರಂಭಿಸುವಾಗ ಈ ಕರ್ನಾಟಕದ ಅನುಭವ ಕಣ್ಣ ಮುಂದಿತ್ತು. ಕರವಸ್ತ್ರದ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದ ಕಾಲವನ್ನು ಹಿರಿಯರು ನಿಮಗೆ ಹೇಳಿಯಾರು, ಕೇಳಿಕೊಳ್ಳಿ.

ಇನ್ನು ಕಲಿಯುವ ಬಗೆ. ಪಾಠ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಎರಡು ವಾರ ಕಷ್ಟವೇ. ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ, ನಿಮ್ಮ ಪಾಠದ್ದು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮಾತನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಕೇಳುವ ಸೌಕರ್ಯವಂತೂ ಇದೆ, ತರಗತಿಯಲ್ಲಿ ಅದಿಲ್ಲ. ವಾರವಾರದ ಅಭ್ಯಾಸಗಳಿಗೆ ಸಾಮಾನ್ಯವಾಗಿ 25 ಅಂಕ, ಕೊನೆಯ ಪರೀಕ್ಷೆಗೆ 75. ಪ್ರಮಾಣಪತ್ರ ಬೇಕೆಂದರೆ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ ಸ್ವಯಂ ಮೂಲಕ ತೆಗೆದುಕೊಳ್ಳಲು ಅವಕಾಶವಿದೆ, ಆದರೆ ನಿಮ್ಮ ಕಾಲೇಜು ಒಪ್ಪಿದೆಯೇ ಎಂದು ಸೇರುವ ಮುಂಚೆ ಪ್ರಾಂಶುಪಾಲರನ್ನು ಕೇಳಬೇಕು, ಸೇರಿದ ಮೇಲೆ ಅಲ್ಲ.

ನೋಡಿದ ಪಾಠ ಕೈಗೆ ಬರಬೇಕಾದರೆ ಕೈಯಿಂದಲೇ ಮಾಡಬೇಕು. ಒಬ್ಬರೇ ಕುಳಿತರೆ ಬೇಸರ ಬರುತ್ತದೆ, ಮೂವರು ಗೆಳೆಯರು ಕೂಡಿರಿ. ಒಬ್ಬರು ಗಿರಾಕಿ, ಒಬ್ಬರು ಅಂಗಡಿ, ಒಬ್ಬರು ಬ್ಯಾಂಕು. ಮೂವರ ಕೈಯಲ್ಲೂ ಒಂದೊಂದು ನೋಟುಬುಕ್ಕು ಇರಲಿ. ಒಂದು ಡಬ್ಬಿ ಕರದಂಟಿನ ಬೇಡಿಕೆಯಿಂದ ಹಣ ಸಂದಾಯದವರೆಗೆ ಚೀಟಿಗಳಲ್ಲೇ ಬರೆದು ಕೈಯಿಂದ ಕೈಗೆ ದಾಟಿಸಿ. ನಡುವೆ ಎಲ್ಲಾದರೂ ಒಂದು ಚೀಟಿಯನ್ನು ಹರಿದು ಹಾಕಿ, ನೆಟ್‌ವರ್ಕ್ ಹೋಯಿತೆಂದು ತಿಳಿಯಿರಿ. ಆಮೇಲೆ ಮೂರೂ ನೋಟುಬುಕ್ಕುಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾರ ಲೆಕ್ಕದಲ್ಲಿ ಹಣ ಹೆಚ್ಚಿದೆ, ಯಾರ ಲೆಕ್ಕದಲ್ಲಿ ಕಡಿಮೆಯಿದೆ ಎಂದು ನೋಡಿರಿ.