ಹಳೆಯ ರಿವಾಲ್ವರಿನ ಮರದ ಹಿಡಿ

ಇಂದು ನಾನು ಮಾತನಾಡಲಿರುವುದು ಒಂದು ಚಿಕ್ಕ ವಸ್ತುವನ್ನು ಕುರಿತು. ಹಳೆಯ ಕಾಲದ ರಿವಾಲ್ವರಿಗೆ ಇರುತ್ತಿದ್ದ ಮರದ ಹಿಡಿ. ರಿವಾಲ್ವರ್ ಎಂದ ಕೂಡಲೇ ಗಾಬರಿಯಾಗಬೇಡಿ. ಗುಂಡು, ಮದ್ದು, ನಳಿಗೆ ಇವು ಯಾವುವೂ ನನ್ನ ವಿದ್ಯೆಯಲ್ಲ. ನಾನು ಮರಗೆಲಸದವನು. ನನಗೆ ಗೊತ್ತಿರುವುದು ಅಂಗೈಯಲ್ಲಿ ಕೂರುವ ಆ ಮರದ ತುಂಡು ಮಾತ್ರ. ಅದಕ್ಕೆ ಹೊಸ ಹೊಳಪು ಕೊಡುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. ಕೊಡಬೇಕೆ, ಬೇಡವೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕಾದದ್ದು. ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ.

ನಾನು ಬೆಳೆದದ್ದು ಕೊಡಗಿನಲ್ಲಿ. ಅಲ್ಲಿ ಕೋವಿ ಎಂದರೆ ಬರೀ ಆಯುಧವಲ್ಲ. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಪುತ್ತರಿಯ ದಿನ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ದೇವರ ಮುಂದಿಟ್ಟು, ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ.

ನನ್ನ ಸೋದರಮಾವ ಆಚಾರಿ ಕೆಲಸದವರು. ಪರವಾನಗಿ ಇದ್ದ ಒಂದು ಕೋವಿ ರಿಪೇರಿ ಅಂಗಡಿಗೆ ಮರದ ಕೆಲಸ ಮಾಡಿಕೊಡುತ್ತಿದ್ದರು. ನಾನು ಅವರ ಕೈಕೆಳಗಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ. ಒಂದು ಸಲ ಹಬ್ಬಕ್ಕೆ ಎಂಟು ದಿನ ಇರುವಾಗ ಹತ್ತಿರದ ತೋಟದ ಸಾಹುಕಾರರೊಬ್ಬರ ಜೋಡುನಳಿಗೆ ಕೋವಿ ಅಂಗಡಿಗೆ ಬಂತು. ಹಿಡಿಯ ಮರ ಕಪ್ಪಾಗಿತ್ತು, ತುಂಬ ಗೀರುಗಳಿದ್ದವು. ಮಾವ ಊರಲ್ಲಿರಲಿಲ್ಲ. ನನ್ನ ಕೈಚಳಕ ತೋರಿಸೋಣವೆಂದು ಉಪ್ಪುಕಾಗದ ಹಿಡಿದು ಉಜ್ಜಿದೆ. ಗೀರೆಲ್ಲ ಹೋಯಿತು. ಅರಗಿನ ಪಾಲಿಶ್ ಕೊಟ್ಟೆ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯಿತು.

ಸಾಹುಕಾರರು ಬಂದರು. ಕೋವಿ ಕೈಗೆ ತೆಗೆದುಕೊಂಡು ಹಿಡಿಯ ಒಂದು ಬದಿಯಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ತಡವಿದರು. ಏನನ್ನೋ ಹುಡುಕುತ್ತಿದ್ದರು. ಅಲ್ಲಿ ಅವರ ತಂದೆ ಚೂರಿಯ ತುದಿಯಿಂದ ಕೊರೆದಿದ್ದ ಮೂರು ಅಕ್ಷರಗಳಿದ್ದವಂತೆ. ನಾನು ಅದನ್ನೂ ಗೀರೆಂದೇ ತಿಳಿದಿದ್ದೆ. ಅವರು ಬೈಯಲಿಲ್ಲ. “ಚೆಂದ ಆಗಿದೆ ಮಗಾ. ಆದರೆ ಇದು ಯಾರ ಕೋವಿ?” ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರವನ್ನು ಮತ್ತೆ ಬೆಳೆಸಬಹುದು, ಉಜ್ಜಿ ಕಳೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಇದಾಗಿ ಎಷ್ಟೋ ವರ್ಷಗಳ ಮೇಲೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳಿರುವುದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಬಳಿ. ರಿವಾಲ್ವರಿಗೆ ಹೆಸರು ತಂದ ಸ್ಯಾಮ್ಯುಯೆಲ್ ಕೋಲ್ಟ್ 1814ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ನಕ್ಷತ್ರಗಳಿರುವ ನೀಲಿ ಗುಮ್ಮಟದ ಅವನ ಕಾರ್ಖಾನೆಯ ಕಟ್ಟಡ ಅಲ್ಲಿ ಇಂದಿಗೂ ಕಾಣುತ್ತದೆ. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. 1830ರಲ್ಲಿ, ಹದಿನಾರು ವರ್ಷದ ಹುಡುಗನಾಗಿದ್ದಾಗ, ಕೋಲ್ಟ್ ‘ಕೊರ್ವೊ’ ಎಂಬ ಹಡಗಿನಲ್ಲಿ ಕೆಲಸಕ್ಕೆ ಸೇರಿ ಬಾಸ್ಟನ್ನಿನಿಂದ ಹೊರಟ. ಹಡಗು ಹೊರಟಿದ್ದು ನಮ್ಮ ಕಲ್ಕತ್ತೆಗೆ. ಆ ಪ್ರಯಾಣದಲ್ಲಿ ಚಾಕುವಿನಿಂದ ಮರ ಕೆತ್ತಿ ಅವನು ತಿರುಗುವ ಕೋವಿಯ ಮಾದರಿಯೊಂದನ್ನು ಮಾಡಿದನೆಂದು ಹೇಳುತ್ತಾರೆ. 1836ರಲ್ಲಿ ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಉಕ್ಕಿನ ಆ ಯಂತ್ರ ಮೊದಲು ರೂಪ ತಳೆದದ್ದು ಮರದಲ್ಲಿ ಎಂದರೆ ಮರಗೆಲಸದವನಿಗೆ ಸಂತೋಷವಾಗದೆ ಇರುತ್ತದೆಯೆ?

ಮಗಳ ನೆರೆಮನೆಯಲ್ಲಿ ಒಬ್ಬ ನಿವೃತ್ತರಿದ್ದರು. ನಾನು ಮರಗೆಲಸದವನೆಂದು ಗೊತ್ತಾಗಿ, ಎರಡು ಹಿಡಿಗಳನ್ನು ಬಿಚ್ಚಿ ತಂದು ಮೇಜಿನ ಮೇಲಿಟ್ಟರು. ಎರಡಕ್ಕೂ ಹೊಸ ಪಾಲಿಶ್ ಬೇಕಾಗಿತ್ತು. ಎರಡೂ ಒಂದೇ ಆಕಾರ: 1860ರ ಕೋಲ್ಟ್ ಆರ್ಮಿ ಮಾದರಿ. ಆದರೆ ಒಂದು ಅವರ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ, ಎಂದರೆ 1861ರಿಂದ 1865ರ ನಡುವೆ, ಸೊಂಟದಲ್ಲಿ ಕಟ್ಟಿದ್ದ ರಿವಾಲ್ವರಿನದು. ಇನ್ನೊಂದು ಇಟಲಿಯಲ್ಲಿ ಈಚೆಗೆ ತಯಾರಾದ ಪ್ರತಿಕೃತಿಯದು. ಇಟಲಿಯ ಬ್ರೆಶಿಯಾ ಬಳಿಯ ಗಾರ್ಡೋನೆ ಎಂಬ ಕಣಿವೆ ಊರಿನಲ್ಲಿ 1950ರ ದಶಕದ ಕೊನೆಯಿಂದ ಇಂಥ ಹಳೇ ಮಾದರಿಗಳನ್ನು ಮಾಡುತ್ತ ಬಂದಿದ್ದಾರೆ. ಹಳೆಯ ಯುದ್ಧಗಳನ್ನು ಅಭಿನಯಿಸಿ ತೋರಿಸುವವರು, ಹವ್ಯಾಸಿಗಳು ಅವನ್ನು ಕೊಳ್ಳುತ್ತಾರೆ.

ಈ ಹಿಡಿ ಹೇಗಿರುತ್ತದೆಂದು ಹೇಳುತ್ತೇನೆ. ನಮ್ಮ ಮಚ್ಚಿನ ಹಿಡಿಯ ಹಾಗೆ ಎರಡು ಹಲಗೆಗಳನ್ನು ಮೊಳೆ ಹೊಡೆದು ಕೂರಿಸಿದ್ದಲ್ಲ. ವಾಲ್ನಟ್, ಎಂದರೆ ಅಕ್ರೋಟು ಮರದ ಒಂದೇ ತುಂಡು. ನಡುವೆ ಸ್ಪ್ರಿಂಗ್ ಕೂರಲು ಉದ್ದಕ್ಕೆ ತೋಡಿದ ಗಾಡಿ. ಹಿಂದೆ ಒಂದು ಲೋಹದ ಪಟ್ಟಿ, ಮುಂದೆ ಒಂದು ಪಟ್ಟಿ. ಸ್ಕ್ರೂ ಬಿಚ್ಚಿ ಹಿಂದಿನ ಪಟ್ಟಿ ತೆಗೆದರೆ ಮರ ತಾನಾಗಿ ಕೈಗೆ ಬರುತ್ತದೆ. ಅಕ್ರೋಟನ್ನೇ ಆರಿಸಿದ್ದಕ್ಕೆ ಕಾರಣಗಳಿವೆ. ಹಗುರ, ಆದರೆ ಗಟ್ಟಿ. ಒಣಗಿದ ಮೇಲೆ ಸುಲಭವಾಗಿ ಸೊಟ್ಟಗಾಗುವುದಿಲ್ಲ. ಪೆಟ್ಟು ತಡೆಯುತ್ತದೆ, ಉಳಿಗೆ ಚೆನ್ನಾಗಿ ಒಗ್ಗುತ್ತದೆ.

ಮೊದಲು ಮುತ್ತಜ್ಜನ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಬದಿಯಲ್ಲಿ ಮಸುಕಾದ ಚೌಕಟ್ಟು, ಅದರೊಳಗೆ ಎರಡು ಮೂರು ಅಕ್ಷರದ ಗುರುತು. ಈ ಮಾದರಿಯಲ್ಲಿ ಸುಮಾರು 2,00,000 ರಿವಾಲ್ವರುಗಳು ತಯಾರಾದವು. ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರವೇ ಸೈನ್ಯಕ್ಕಾಗಿ ಕೊಂಡಿತು. ಕೊಳ್ಳುವಾಗ ಪರೀಕ್ಷಿಸಿದ ಅಧಿಕಾರಿ ತನ್ನ ಹೆಸರಿನ ಮೊದಲಕ್ಷರಗಳ ಮುದ್ರೆಯನ್ನು ಮರದ ಮೇಲೆ ಒತ್ತುತ್ತಿದ್ದ. ಒಳಗಡೆ, ಲೋಹದ ಪಟ್ಟಿ ಮುಚ್ಚುವ ಜಾಗದಲ್ಲಿ, ಶಾಯಿಯಲ್ಲಿ ಬರೆದ ಸಂಖ್ಯೆ ಇರುವುದುಂಟು. ಇದರಲ್ಲಿಯೂ ಇತ್ತು. ಅದು ರಿವಾಲ್ವರಿನ ಉಕ್ಕಿನ ಮೇಲಿದ್ದ ಸಂಖ್ಯೆಯೇ. ಎಂದರೆ ಈ ಮರ, ಈ ಉಕ್ಕು ಕಾರ್ಖಾನೆಯಿಂದಲೇ ಜೊತೆಯಾಗಿ ಹೊರಟವು ಎಂಬುದಕ್ಕೆ ಸಾಕ್ಷಿ. ಹಿಡಿಯ ಕೆಳ ಅಂಚಿನಲ್ಲಿ ಮರ ಸವೆದು ಗುಂಡಗಾಗಿತ್ತು.

ಕಾಗದ ಹಿಡಿದು ಉಜ್ಜಿದರೆ ಇದೆಲ್ಲ ಐದು ನಿಮಿಷದ ಕೆಲಸ. ನಾನು ಮಗಳ ಮೂಲಕ ನನ್ನ ಕೋವಿಯ ಕಥೆ ಹೇಳಿದೆ. ಅವರು ಆ ಶಾಯಿಯ ಸಂಖ್ಯೆಯನ್ನು ಅಂದಿನವರೆಗೆ ನೋಡಿಯೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಹಿಡಿಯನ್ನು ಅವರೇ ಮೇಜಿನ ಆಚೆ ಬದಿಗೆ ಸರಿಸಿಟ್ಟರು.

ಇಂಥ ಅಸಲಿ ಹಳೆಯ ಮರಕ್ಕೆ ಮಾಡಬೇಕಾದದ್ದು ಇಷ್ಟೇ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಒಣ ಹತ್ತಿಬಟ್ಟೆಯಿಂದ ಒರೆಸಿರಿ. ಬೇಕಾದರೆ ಸಂಗ್ರಹಾಲಯದವರು ಬಳಸುವಂಥ ಮೇಣವನ್ನು ಬಹಳ ತೆಳ್ಳಗೆ ಸವರಿರಿ. ನೀರು ಬೇಡ. ಎಣ್ಣೆಯೂ ಬೇಡ. ಅಗಸೆ ಎಣ್ಣೆ ಒಮ್ಮೆ ಮರಕ್ಕೆ ಇಳಿದರೆ ಹಿಂದಕ್ಕೆ ತೆಗೆಯಲಾಗದು, ಕಾಲ ಕಳೆದಂತೆ ಮರವನ್ನು ಕಪ್ಪು ಮಾಡುತ್ತದೆ. ಬಿಚ್ಚಲೇಬೇಕಾದರೆ ಸ್ಕ್ರೂವಿನ ಗೀಟಿಗೆ ಸರಿಯಾಗಿ ಕೂರುವ ಡ್ರೈವರನ್ನೇ ಬಳಸಿ.

ಇಟಲಿಯ ಪ್ರತಿಕೃತಿಯ ಮಾತೇ ಬೇರೆ. ಅದರ ಮರ ಒಳ್ಳೆಯದೇ. ಆದರೆ ಮೇಲೆ ಕೆಂಪುಬಣ್ಣದ ದಪ್ಪ ವಾರ್ನಿಶ್, ಮರದ ಎಳೆಯೇ ಕಾಣದಂತೆ. ಅದನ್ನು ತೆಗೆದರೆ ಯಾರ ನೆನಪೂ ಅಳಿಯುವುದಿಲ್ಲ. ಆ ಕೆಲಸವನ್ನು ಸಂತೋಷದಿಂದ ಕೈಗೆತ್ತಿಕೊಂಡೆ. ಕ್ರಮ ಹೇಳುತ್ತೇನೆ. ಕುರ್ಚಿಯ ಕೈಗೂ ಇದೇ ಕ್ರಮ.

ಮೊದಲು ಮೇಲಿರುವ ಲೇಪ ಯಾವುದೆಂದು ತಿಳಿಯಬೇಕು. ಕಣ್ಣಿಗೆ ಕಾಣದ ಕಡೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ಉಜ್ಜಿ. ಅಂಟಂಟಾದರೆ ಅರಗಿನ ಪಾಲಿಶ್. ಏನೂ ಆಗದಿದ್ದರೆ ಹೊಸ ಕಾಲದ ವಾರ್ನಿಶ್ ಇರಬಹುದು. ಇದು ಜಗ್ಗಲಿಲ್ಲ. ನಮ್ಮ ಮಾವ ಕಲಿಸಿದಂತೆ ಗಾಜಿನ ಚೂರಿನ ನೇರ ಅಂಚಿನಿಂದ ಹೆರೆದು ತೆಗೆದೆ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆಯಬೇಡಿ.

ತಗ್ಗುಗಳಿದ್ದರೆ ಉಜ್ಜಬೇಡಿ. ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿ. ಅದುಮಿಹೋದ ಎಳೆಗಳು ಹಬೆಗೆ ಉಬ್ಬಿ ಮೇಲೇಳುತ್ತವೆ. ಕತ್ತರಿಸಿಹೋದ ಎಳೆಗಳು ಮಾತ್ರ ಏಳುವುದಿಲ್ಲ.

ಆಮೇಲೆ ಉಪ್ಪುಕಾಗದ. 150, 220, 320 ಈ ಕ್ರಮದಲ್ಲಿ, ಸದಾ ಎಳೆಯ ದಿಕ್ಕಿನಲ್ಲಿ. ಹೆಚ್ಚಿನವರು ತಪ್ಪುವುದು ಇಲ್ಲಿ. ಹಿಡಿಯನ್ನು ಒಂಟಿಯಾಗಿ ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚುಗಳು ಗುಂಡಗಾಗುತ್ತವೆ, ಮತ್ತೆ ಜೋಡಿಸಿದಾಗ ಮರಕ್ಕೂ ಲೋಹಕ್ಕೂ ನಡುವೆ ಬಿರುಕು ಕಾಣುತ್ತದೆ. ಆದ್ದರಿಂದ ಮರವನ್ನು ಅದರ ಪಟ್ಟಿಗಳ ನಡುವೆ ಕೂರಿಸಿ, ಲೋಹಕ್ಕೆ ಟೇಪು ಅಂಟಿಸಿ, ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಬೇಕು. ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಸಣ್ಣ ಸುಂಕುಗಳು ಏಳುತ್ತವೆ. ಒಣಗಿದ ಮೇಲೆ ಅವನ್ನು ಸವರಿ ತೆಗೆಯಬೇಕು.

ಕೋಲ್ಟ್ ಕಾರ್ಖಾನೆಯಲ್ಲಿ ಪೇಟೆಯ ಗಿರಾಕಿಗೆ ಹೋಗುವ ಹಿಡಿಗೆ ಹೊಳೆಯುವ ವಾರ್ನಿಶ್ ಕೊಡುತ್ತಿದ್ದರು. ಸೈನ್ಯಕ್ಕೆ ಹೋಗುವುದಕ್ಕೆ ಎಣ್ಣೆ. ನೆರೆಮನೆಯವರಿಗೆ ಸೈನ್ಯದ ರೀತಿಯೇ ಬೇಕಾಗಿತ್ತು. ಪೇಟೆಯಲ್ಲಿ ‘ಬಾಯಿಲ್ಡ್’ ಎಂದು ಸಿಗುವ ಅಗಸೆ ಎಣ್ಣೆ ಬಳಸಿದೆ. ಹಸಿ ಎಣ್ಣೆ ಒಣಗಲು ಹಲವು ದಿನ ಹಿಡಿಯುತ್ತದೆ. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನೆಲ್ಲ ಒರೆಸಿಬಿಡಬೇಕು. ಒಂದೆರಡು ದಿನ ಒಣಗಿಸಿ ಮತ್ತೆ. ಐದಾರು ಕೈ ಆದ ಮೇಲೆ ಒಳಗಿನಿಂದಲೇ ಬರುವಂಥ ಕಾಂತಿ ಬರುತ್ತದೆ. ಒಳಗಿನ ಗಾಡಿಗೂ ಒಂದು ಕೈ ಕೊಡಿ, ತೇವ ಒಂದೇ ಕಡೆಯಿಂದ ಏರದಿರಲಿ.

ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ, ಇಲ್ಲವೆ ಹೊರಗೆ ಬಿಡಿಸಿ ಹರವಿ.

ಹೊಸ ಹಿಡಿಯನ್ನೇ ಮಾಡುವುದಾದರೆ ಮರ ಚೆನ್ನಾಗಿ ಒಣಗಿರಬೇಕು. ಎಳೆ ಹಿಡಿಯ ಉದ್ದಕ್ಕೇ ಹರಿಯಬೇಕು. ಅಡ್ಡ ಎಳೆ ಬಂದರೆ ಕೆಳಗಿನ ಮೂಲೆ ಒಂದು ದಿನ ಸೀಳುತ್ತದೆ. ಮರ ಎಲ್ಲಿ ತಡೆಯುತ್ತಿದೆ ಎಂದು ತಿಳಿಯಲು ಲೋಹದ ಪಟ್ಟಿಗೆ ದೀಪದ ಕಾಡಿಗೆ ಸವರಿ ಒತ್ತಿ ನೋಡಿ. ಕಪ್ಪು ತಾಗಿದ ಕಡೆ ಮಾತ್ರ ಉಳಿಯಿಂದ ಸವರಿ ತೆಗೆಯಿರಿ. ಬೀಟೆಯಲ್ಲಿ ಮಾಡಿ ಕಳಿಸುತ್ತೀರಾ ಎಂದು ನೆರೆಮನೆಯವರು ಕೇಳಿದರು. ನಮ್ಮ ಬೀಟೆ ಚೆಲುವಾದ ಮರ ನಿಜ. ಆದರೆ ಅಕ್ರೋಟಿಗಿಂತ ಭಾರ, ಅದರ ಹುಡಿ ಕೆಲವರ ಮೈಗೂ ಉಸಿರಿಗೂ ಒಗ್ಗುವುದಿಲ್ಲ. ಅಲ್ಲದೆ ಆ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿವೆ. ಅವರ ನಾಡಿನ ವಸ್ತುವಿಗೆ ಅವರ ನಾಡಿನ ಮರವೇ ಸರಿ ಎಂದೆ.

ನಮ್ಮಲ್ಲಿ ಇದನ್ನು ಕೇಳಿ ಯಾರೂ ಮನೆಯ ಆಯುಧ ಬಿಚ್ಚಲು ಕೂರಬಾರದು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕು ರಿಪೇರಿಯ ಕಸುಬಿಗೆ ಪರವಾನಗಿ ಬೇಕು. ಹಳೆಯ ಕೋವಿಗಳ ಒಳಗೆ ಎಂದೋ ತುಂಬಿದ ಮದ್ದು ಇನ್ನೂ ಉಳಿದಿರುವುದುಂಟು. ಬಲ್ಲವರು, ಪರವಾನಗಿ ಇದ್ದವರು ಪರೀಕ್ಷಿಸಿ ಬಿಚ್ಚಿಕೊಟ್ಟ ಮೇಲೆಯೇ ಮರಗೆಲಸದವನ ಸರದಿ.

ಕೊನೆಯದಾಗಿ ಇನ್ನೊಂದು ಮಾತು. ಹೊಸ ಮರದ ಮೇಲೆ ಹಳೆಯ ಮುದ್ರೆ ಒತ್ತಿ, ಅಸಲಿ ಎಂದು ಮಾರುವವರೂ ಇದ್ದಾರೆ. ನನ್ನ ಅಪರಾಧ ಇದ್ದದ್ದನ್ನು ಅಳಿಸಿದ್ದು, ಅವರದು ಇಲ್ಲದ್ದನ್ನು ಬರೆಯುವುದು. ಎರಡಕ್ಕೂ ಪರಿಹಾರವನ್ನು ಅಂದು ಸಾಹುಕಾರರೇ ತೋರಿಸಿಕೊಟ್ಟಿದ್ದರು. ಊರಿನಿಂದ ಬಂದ ಮಾವ ವಿಷಯ ತಿಳಿದು ನಾಚಿ, ಅಕ್ಷರಗಳನ್ನು ಮತ್ತೆ ಹಾಗೆಯೇ ಕೊರೆದುಕೊಡುತ್ತೇನೆ ಎಂದರು. ಸಾಹುಕಾರರು ಬೇಡವೆಂದರು. “ನಮ್ಮ ಅಪ್ಪ ಕೊರೆದದ್ದು ಹೋಯಿತು. ನೀವು ಕೊರೆದರೆ ಅದು ಅಪ್ಪನದಾಗುತ್ತದಾ?” ಎಂದು ಕೇಳಿದರು. ಹಿಡಿಯ ತುದಿಯ ತಗಡನ್ನು ಬಿಚ್ಚಿಸಿ, ನನ್ನ ಕೈಗೆ ಪೆನ್ಸಿಲ್ ಕೊಟ್ಟು, “ಇಲ್ಲಿ ನಿನ್ನ ಹೆಸರು, ವರ್ಷ ಬರೆ ಮಗಾ. ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ” ಎಂದರು. ಬರೆದೆ. ಅವರೇ ನಿಂತು ತಗಡು ಮುಚ್ಚಿಸಿದರು. ಹಬ್ಬದ ದಿನ ಆ ಕೋವಿಗೂ ಹೂವೇರಿತು.

ಅಂದಿನಿಂದ ನಾನು ಮುಟ್ಟಿದ ಪ್ರತಿಯೊಂದು ಮರಕ್ಕೂ, ಮೇಲೆ ಕಾಣದ ಕಡೆ, ಹೆಸರು ಮತ್ತು ವರ್ಷ ಬರೆಯುತ್ತೇನೆ. ಹಾರ್ಟ್‌ಫರ್ಡಿನ ಆ ಪ್ರತಿಕೃತಿಯ ಹಿಡಿಯಲ್ಲೂ, ಲೋಹದ ಪಟ್ಟಿಯ ಅಡಿಯಲ್ಲಿ, ಕನ್ನಡದಲ್ಲೇ ಬರೆದಿದ್ದೇನೆ. ನಿಮ್ಮ ಮನೆಯ ಹಳೆಯ ಮರದ ಸಾಮಾನಿಗೆ ಪಾಲಿಶ್ ಕೊಡಿಸುವ ಮೊದಲು ಒಂದು ಸಲ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅದರ ಮೇಲಿನ ಗೀರುಗಳು ಯಾವುವು ಎಂದು ಕೇಳಿ. ಆಮೇಲೆ ಆಚಾರಿಯನ್ನು ಕರೆಸಿ.