ಕತ್ತಿಯ ಬೆನ್ನ ಮೇಲಿನ ಅಂಕಿ



ಹರಾಜಿನಲ್ಲಿ ಹಳೆಯ ಸೇನಾಧಿಕಾರಿಗಳ ಕತ್ತಿ ಕೊಳ್ಳುವ ನನ್ನ ಹುಚ್ಚಿನ ಬಗ್ಗೆ ಮಾತಾಡಲು ಹೇಳಿದ್ದಾರೆ. ಈ ಹುಚ್ಚು ಹತ್ತಿದ್ದು ಒಂದು ನಷ್ಟದಿಂದ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಕತ್ತಿ ಇತ್ತು. ಮಹಾನವಮಿಗೊಮ್ಮೆ ಅಜ್ಜ ಅದನ್ನು ತೊಳೆದು, ವಿಭೂತಿ ಹಚ್ಚಿ, ಬನ್ನಿ ಇಟ್ಟು ಪೂಜಿಸುತ್ತಿದ್ದ. ನಾನು ಇಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಅಜ್ಜ ತೀರಿಕೊಂಡ. ಮರುವರ್ಷ ಮಳೆ ಬರಲಿಲ್ಲ. ಕತ್ತಿ ಗುಜರಿಯವನ ತಕ್ಕಡಿ ಏರಿತು. ಅದನ್ನು ಯಾರು ಹಿಡಿದಿದ್ದರು ಎಂದು ಅಜ್ಜನನ್ನು ನಾವು ಯಾರೂ ಕೇಳಿರಲಿಲ್ಲ.

ನೌಕರಿ ಸಿಕ್ಕ ಮೇಲೆ ಹರಾಜಿಗೆ ಹೋಗತೊಡಗಿದೆ. ಶೇಂಗಾ ಹರಾಜಿನಲ್ಲಿ ಕಾಯಿ ಒಡೆದು ನೋಡಿಯೇ ಬೆಲೆ ಕೂಗುತ್ತೀರಲ್ಲ, ಕತ್ತಿಯನ್ನೂ ಒರೆಯಿಂದ ತೆಗೆದು ನೋಡಬೇಕು. ಬ್ರಿಟಿಷ್ ಅಧಿಕಾರಿಯ ಕತ್ತಿಯಾದರೆ ಹಿಡಿಯ ಮೇಲೆ ಅಥವಾ ಅಲಗಿನ ಮೇಲೆ ರಾಣಿಯ ಇಲ್ಲವೇ ರಾಜನ ಹೆಸರಿನ ಅಕ್ಷರಗಳಿರುತ್ತವೆ. ಅದರಿಂದ ಕಾಲ ತಿಳಿಯುತ್ತದೆ. ಲಂಡನ್ನಿನ ವಿಲ್ಕಿನ್ಸನ್ ಕಂಪನಿ 1850ರ ದಶಕದಿಂದ ಅಲಗಿನ ಬೆನ್ನ ಮೇಲೆ ಅಂಕಿ ಹಾಕಿ ದಫ್ತರದಲ್ಲಿ ಬರೆದಿಡುತ್ತಿತ್ತು. ಅಂಕಿ ಉಳಿದಿದ್ದರೆ ಎಷ್ಟೋ ಕತ್ತಿಗಳ ಮೊದಲ ಒಡೆಯನ ಹೆಸರೇ ಸಿಗುತ್ತದೆ. ನಾನು ಕೊಂಡ ಮೊದಲ ಕತ್ತಿ ಫಳಫಳ ಹೊಳೆಯುತ್ತಿತ್ತು. ಮನೆಗೆ ತಂದು ನೋಡಿದರೆ, ಯಾರೋ ಉಜ್ಜಿ ಉಜ್ಜಿ ಅಂಕಿಯನ್ನೇ ಅಳಿಸಿದ್ದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕ ಖಡ್ಗವನ್ನು ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟರು. ಆತ ಹಿಂದೆ ಅದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೊನಾಮ್ಸ್ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡಿಗೆ, ಅಂದರೆ ನಮ್ಮ 140 ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಬರೀ ಕಬ್ಬಿಣಕ್ಕೆ, ಚಿನ್ನದ ಕೆಲಸಕ್ಕೆ ಅಷ್ಟು ಬೆಲೆ ಬರುವುದಿಲ್ಲ. ಅದು ಯಾರದು, ಯಾರ ಕೈಗೆ ಹೋಯಿತು ಎಂಬುದಕ್ಕೆ ದಾಖಲೆ ಇತ್ತು.

ಗುಡೇಕೋಟೆ, ಜರಿಮಲೆ, ಹರಪನಹಳ್ಳಿ ಪಾಳೆಯಗಾರರು ಆಳಿದ ಸೀಮೆ ನಮ್ಮದು. ಇನ್ನೂ ಕೆಲವು ಮನೆಗಳ ಜಗಲಿಯ ಮೇಲೆ ಕತ್ತಿಗಳಿವೆ. ಅವನ್ನು ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಬೇಡಿ. ವ್ಯಾಪಾರಿ ಬಂದರೆ ಅವಸರ ಪಡಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯ್ದೆ ನಿಷೇಧಿಸಿದೆ.

ಮಕ್ಕಳೇ, ಈ ಮಹಾನವಮಿಗೆ ಅಜ್ಜ ಅಜ್ಜಿಯ ಪಕ್ಕ ಕೂತು, "ಇದು ಯಾರದು?" ಎಂದು ಕೇಳಿರಿ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ಕೇಳಲಿಲ್ಲ, ನೀವಾದರೂ ಕೇಳಿರಿ.